ಹೊಸ ಆವೃತ್ತಿ, ಹಳೆಯ ಬೆರಳು

ಬ್ರೌಸರ್ ಬದಲಾದ ಸುದ್ದಿ ಮೊದಲು ತಲುಪುವುದು ಬೆರಳಿಗೆ. ರೀಲೋಡ್ ಗುಂಡಿ ಇದ್ದ ಜಾಗಕ್ಕೆ ಅದು ತಾನಾಗಿ ಹೋಗುತ್ತದೆ. ಅಲ್ಲಿ ಬೇರೇನೋ ಸಿಕ್ಕಿ ತಡವರಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಈ ಗುಂಡಿ ವಿಳಾಸಪಟ್ಟಿಯ ಎಡಕ್ಕಿತ್ತು. 2011ರಲ್ಲಿ 4ನೇ ಆವೃತ್ತಿ ಅದನ್ನು ಬಲತುದಿಗೆ ಒಯ್ದಿತು, 2017ರಲ್ಲಿ 57ನೇ ಆವೃತ್ತಿ ಮತ್ತೆ ಎಡಕ್ಕೆ ತಂದಿತು. ಎರಡು ಸಲವೂ ಜನ ಗೊಣಗಿದರು. ಎರಡು ಸಲವೂ ಅವರ ಗೊಣಗಾಟ ನ್ಯಾಯವಾದದ್ದೇ.

ರೂಢಿ ಎಂದರೆ ಸೋಮಾರಿತನವಲ್ಲ. ಕೈ ಕಲಿತು ಮುಗಿಸಿದ್ದನ್ನು ಮನಸ್ಸು ಮರೆಯಬಹುದು. ಹಾಗೆ ಮರೆತದ್ದರಿಂದಲೇ ಅದಕ್ಕೆ ಬೇರೆ ಕೆಲಸ ಮಾಡಲು ಬಿಡುವು ಸಿಕ್ಕಿದೆ. ಗುಂಡಿಯ ಜಾಗ ಬದಲಿಸುವವರು ಆ ಬಿಡುವಿನಿಂದ ಸ್ವಲ್ಪ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಂಡದ್ದಕ್ಕೆ ಬದಲು ಏನು ಕೊಟ್ಟರು ಎಂದು ಕೇಳುವುದು ಬಳಕೆದಾರನ ಹಕ್ಕು.

ಜಗಳವಾಡುವವರು ಯಾರು ಎಂದು ನೋಡಿ. 2004ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಫೈರ್‌ಫಾಕ್ಸ್‌ಗಾಗಿ ಎರಡು ಪುಟಗಳ ಜಾಹೀರಾತು ಬಂತು; ದುಡ್ಡು ಹಾಕಿದವರು ಬಳಕೆದಾರರು, ಸಾವಿರಾರು ಹೆಸರುಗಳು ಅದರಲ್ಲಿ ಅಚ್ಚಾಗಿದ್ದವು. 2008ರ ಜೂನ್‌ನಲ್ಲಿ 3ನೇ ಆವೃತ್ತಿ ಬಂದ ದಿನ 24 ಗಂಟೆಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಸೇರಿತು. ಹೀಗೆ ಹೆಗಲು ಕೊಟ್ಟವರು ಮುಂದೊಂದು ಆವೃತ್ತಿ ಬಂದಾಗ ಗದರಿದರೆ ಅದು ಹೊರಗಿನವರ ಟೀಕೆಯಲ್ಲ, ಮನೆಯವರ ಮಾತು.

ಬೇಸತ್ತವನು ದೂರುವುದಿಲ್ಲ. ಸುಮ್ಮನೆ ಬೇರೆ ಬ್ರೌಸರ್ ಹಾಕಿಕೊಳ್ಳುತ್ತಾನೆ.

ಬದಲಾವಣೆಗಳಲ್ಲಿ ಎರಡು ಬಗೆ: ಇಂಜಿನ್ ಕೇಳಿದ ಬದಲಾವಣೆ, ವಿನ್ಯಾಸಗಾರರ ರುಚಿ ಕೇಳಿದ ಬದಲಾವಣೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತಯಾರಕರೂ ತೂಗಬಾರದು, ಬಳಸುವವರೂ ತೂಗಬಾರದು.

2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57, ಅಂದರೆ ಕ್ವಾಂಟಮ್, ಮೊದಲನೆಯ ಬಗೆಯದು. ಅಲ್ಲಿಯವರೆಗಿನ ಆಡ್-ಆನ್‌ಗಳಿಗೆ ಬ್ರೌಸರಿನ ಒಳಗೆಲ್ಲ ಓಡಾಡುವ ಸ್ವಾತಂತ್ರ್ಯವಿತ್ತು. ಯಾವ ಗುಂಡಿಯನ್ನಾದರೂ ಸರಿಸಬಹುದು, ಯಾವ ವರ್ತನೆಯನ್ನಾದರೂ ತಿದ್ದಬಹುದು. ಫೈರ್‌ಫಾಕ್ಸ್‌ನ ಹೆಗ್ಗಳಿಕೆಯೇ ಅದಾಗಿತ್ತು, ಅದರ ಕಾಲಿಗೆ ಕಟ್ಟಿದ ಗುಂಡೂ ಅದೇ. ಒಳಗಿನ ಒಂದು ಸಾಲು ಬದಲಿಸಿದರೆ ಎಲ್ಲೋ ಒಂದು ಆಡ್-ಆನ್ ಮುರಿಯುತ್ತಿತ್ತು. ಪುಟಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಲ್ಲಿ ನಡೆಸಿ ವೇಗವನ್ನೂ ಭದ್ರತೆಯನ್ನೂ ಹೆಚ್ಚಿಸುವ ಕೆಲಸಕ್ಕೆ ಆ ಹಳೆಯ ವ್ಯವಸ್ಥೆ ಅಡ್ಡ ನಿಂತಿತ್ತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಎರಡು ವರ್ಷ ಮೊದಲೇ, 2015ರ ಆಗಸ್ಟ್‌ನಲ್ಲಿ, ಎಚ್ಚರಿಕೆ ಕೊಟ್ಟಿತ್ತು. ಆದರೂ ಆ ದಿನ ಬಂದಾಗ ಸಾವಿರಾರು ಆಡ್-ಆನ್‌ಗಳು ಒಮ್ಮೆಲೇ ನಿಂತವು. ಅವುಗಳಲ್ಲಿ ಎಷ್ಟನ್ನೋ ಯಾರೋ ಒಬ್ಬರು ಸಂಜೆಯ ಬಿಡುವಿನಲ್ಲಿ ಸಂಬಳವಿಲ್ಲದೆ ಬರೆದಿದ್ದರು. ಆ ನಿರ್ಧಾರ ಸರಿ ಎಂದೇ ನಾನು ನಂಬುತ್ತೇನೆ. ಆ ದಿನ ಅತ್ತವರೂ ಸರಿ. ಸರಿಯಾದ ನಿರ್ಧಾರದಿಂದ ನಷ್ಟವಾದವನಿಗೆ ‘ನಿನಗೆ ನಷ್ಟವೇ ಆಗಿಲ್ಲ’ ಎಂದು ಹೇಳುವುದು ಮಾತ್ರ ತಪ್ಪು.

ಅದೇ ಆವೃತ್ತಿಯ ಇನ್ನೊಂದು ಮುಖವನ್ನು ಕಡಿಮೆ ಜನ ನೆನಪಿಟ್ಟುಕೊಂಡಿದ್ದಾರೆ. ಎಲ್ಲರಿಗೂ ವೇಗವಾದ ಕ್ವಾಂಟಮ್, ಸ್ಕ್ರೀನ್ ರೀಡರ್ ನೆಚ್ಚಿದ ಅಂಧ ಬಳಕೆದಾರರಿಗೆ ನಿಧಾನವಾಯಿತು. ಸದ್ಯಕ್ಕೆ ದೀರ್ಘಾವಧಿ ಬೆಂಬಲದ ಹಳೆಯ ಆವೃತ್ತಿಯಲ್ಲೇ ಇರಿ ಎಂದು ಮೊಜಿಲ್ಲಾದವರೇ ಅವರಿಗೆ ಸಲಹೆ ಕೊಟ್ಟರು. ‘ಹೊಸ ಆವೃತ್ತಿ ಎಷ್ಟು ಚುರುಕು!’ ಎಂದು ನಾವು ಮೆಚ್ಚುವಾಗ, ಯಾರ ಪಾಲಿಗೆ ಎಂಬುದನ್ನೂ ಕೂಡಿಸಿ ಹೇಳುವ ಅಭ್ಯಾಸ ಬೇಕು.

2021ರ ಜೂನ್‌ನ 89ನೇ ಆವೃತ್ತಿ ಎರಡನೆಯ ಬಗೆಯದು. ಟ್ಯಾಬ್‌ಗಳು ದಪ್ಪಗಾದವು, ಪಟ್ಟಿಯಿಂದ ಬಿಡಿಸಿಕೊಂಡು ತೇಲುವ ಗುಂಡಿಗಳಂತಾದವು. ಚಿಕ್ಕ ಪರದೆಯವರು ನೆಚ್ಚಿದ್ದ ‘ಕಾಂಪ್ಯಾಕ್ಟ್’ ಆಯ್ಕೆ ಮೆನುವಿನಿಂದ ಮರೆಯಾಯಿತು. ಒಳಗಿನ ಯಾವ ಇಂಜಿನ್ ಇದನ್ನು ಬೇಡಿತ್ತು? ದೊಡ್ಡ ಪರದೆಯ ಮುಂದೆ ಕೂತು ಗೆರೆ ಎಳೆದವರಿಗೆ ನಾಲ್ಕು ಪಿಕ್ಸೆಲ್ ಲೆಕ್ಕಕ್ಕಿಲ್ಲ. ಹಳೆಯ ಚಿಕ್ಕ ಲ್ಯಾಪ್‌ಟಾಪಿನಲ್ಲಿ ಪಾಠದ ಟಿಪ್ಪಣಿ ಓದುವ ವಿದ್ಯಾರ್ಥಿಗೆ ಅದೇ ಒಂದು ಸಾಲು.

ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪುಟಕ್ಕೆ ಹೋಗುತ್ತಿದ್ದ ಕಾಲವಿತ್ತು. ಕ್ರೋಮ್ 2016ರಲ್ಲಿ ಅದನ್ನು ತೆಗೆಯಿತು, ಫೈರ್‌ಫಾಕ್ಸ್ 2021ರಲ್ಲಿ. ಕಾರಣ ಗಟ್ಟಿಯಾದದ್ದು: ಅರ್ಜಿ ತುಂಬುತ್ತಿದ್ದವರು ಅಕ್ಷರ ಅಳಿಸಲು ಹೋಗಿ ತುಂಬಿದ್ದನ್ನೆಲ್ಲ ಕಳೆದುಕೊಳ್ಳುತ್ತಿದ್ದರು. ಇಲ್ಲಿ ನಾನು ಹಳೆಯ ಬೆರಳಿನ ಪರ ನಿಲ್ಲಲಾರೆ.

‘ಈ ಸೌಲಭ್ಯವನ್ನು ಬಳಸುವವರು ತೀರ ಕಡಿಮೆ’ ಎಂಬುದು ತಯಾರಕರ ಕೊನೆಯ ವಾದ. ಆದರೆ ಅಂಕಿ ಎಲ್ಲಿಂದ ಬಂತು? ಬ್ರೌಸರ್ ತಾನೇ ಕಳಿಸುವ ಬಳಕೆಯ ವರದಿಯಿಂದ. ಖಾಸಗಿತನದ ಬಗ್ಗೆ ಎಚ್ಚರವಿರುವವರು ಆ ವರದಿಯನ್ನೇ ನಿಲ್ಲಿಸಿರುತ್ತಾರೆ. ಬ್ರೌಸರನ್ನು ಮೂಲೆಮೂಲೆಯವರೆಗೆ ಅರಿತು ಬಳಸುವವರು ಬಹುಪಾಲು ಅವರೇ. ಹಾಗಾಗಿ ಎಣಿಕೆಯಲ್ಲಿ ಅವರಿಲ್ಲ.

ಟ್ಯಾಬ್ ಗುಂಪುಗಳ ಕಥೆ ನೋಡಿ. 2011ರಲ್ಲಿ ಫೈರ್‌ಫಾಕ್ಸ್ ಅದನ್ನು ಕೊಟ್ಟಿತು, ಬಳಸುವವರು ಕಡಿಮೆ ಎಂದು 2016ರಲ್ಲಿ ತೆಗೆಯಿತು, 2025ರ ಏಪ್ರಿಲ್‌ನಲ್ಲಿ ಬಳಕೆದಾರರ ಒತ್ತಾಯಕ್ಕೆ ಹೊಸ ರೂಪದಲ್ಲಿ ಮತ್ತೆ ಕೊಟ್ಟಿತು. ನಡುವಿನ ಒಂಬತ್ತು ವರ್ಷ ಕೇಳುತ್ತಲೇ ಇದ್ದವರನ್ನು ಹಟಮಾರಿಗಳು ಎನ್ನಬೇಕೆ?

ಒಪೆರಾ ಕಥೆ ಇನ್ನೂ ಕಠಿಣ. ನಾರ್ವೆಯ ಈ ಬ್ರೌಸರಿನಲ್ಲಿ ಮೇಲ್ ಇತ್ತು, ಮೌಸಿನ ಸನ್ನೆಗಳಿದ್ದವು, ಬೇಕಾದಂತೆ ಜೋಡಿಸಿಕೊಳ್ಳುವ ಪಟ್ಟಿಗಳಿದ್ದವು. ಸ್ವಂತದ ಪ್ರೆಸ್ಟೊ ಇಂಜಿನ್ ಇತ್ತು. 2013ರ ಜುಲೈನಲ್ಲಿ 15ನೇ ಆವೃತ್ತಿ ಬಂದಾಗ ಹೆಸರು ಅದೇ, ಒಳಗೆ ಕ್ರೋಮ್‌ಗೆ ಅಡಿಪಾಯವಾದ ಕ್ರೋಮಿಯಮ್. ಮೇಲ್ ಹೊರಹೋಗಿತ್ತು. ಬುಕ್‌ಮಾರ್ಕ್ ವ್ಯವಸ್ಥೆಯೇ ಇರಲಿಲ್ಲ. ವರ್ಷಗಳ ಓದನ್ನು ಬುಕ್‌ಮಾರ್ಕ್‌ಗಳಲ್ಲಿ ಜೋಡಿಸಿಟ್ಟವನಿಗೆ ಅದನ್ನು ‘ಅಪ್‌ಡೇಟ್’ ಎಂದು ಕರೆದು ಕೊಟ್ಟರೆ ಹೇಗಾದೀತು? ಸಹಸ್ಥಾಪಕ ಯೋನ್ ವಾನ್ ಟೆಟ್ಸ್‌ನರ್ ಕಂಪನಿಯನ್ನು ಆ ಮೊದಲೇ ಬಿಟ್ಟಿದ್ದರು. ಅವರು ಹಳೆಯ ಬಳಕೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡು 2015ರಲ್ಲಿ ವಿವಾಲ್ಡಿಯನ್ನು ಜನರ ಮುಂದಿಟ್ಟರು. ಅದರೊಳಗೂ ಇರುವುದು ಕ್ರೋಮಿಯಮ್ಮೇ! ಅಂದರೆ ಜನ ಹಂಬಲಿಸಿದ್ದು ಇಂಜಿನ್ನಿಗಾಗಿ ಅಲ್ಲ. ತಮ್ಮ ಕೆಲಸದ ರೀತಿಯನ್ನು ಯಾರಾದರೂ ಗೌರವಿಸಲಿ ಎಂಬುದಕ್ಕಾಗಿ.

ಆವೃತ್ತಿಯ ಸಂಖ್ಯೆಗೂ ಒಂದು ಘನತೆ ಇತ್ತು. 2011ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 4 ಬಂದು, ಜೂನ್‌ನಲ್ಲೇ 5 ಬಂದಾಗ ಆ ಘನತೆ ಹೋಯಿತು. ಆರು ವಾರಕ್ಕೊಂದು ಆವೃತ್ತಿ ಎಂದು ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು ತಲೆಮೇಲೆ ಕೈ ಹೊತ್ತರು. ಅವರ ದೂರಿನ ಫಲವಾಗಿ 2012ರಲ್ಲಿ ದೀರ್ಘಾವಧಿ ಬೆಂಬಲದ ಇಎಸ್‌ಆರ್ ಹುಟ್ಟಿತು: ಭದ್ರತೆಯ ತಿದ್ದುಪಡಿ ಬರುತ್ತದೆ, ಚಹರೆ ವರ್ಷದ ಮಟ್ಟಿಗೆ ಹಾಗೇ ಇರುತ್ತದೆ.

ಇದು ಸಣ್ಣ ಸಂಗತಿಯಲ್ಲ. ಭದ್ರತೆಯ ತಿದ್ದುಪಡಿಯನ್ನೂ ಹೊಸ ಚಹರೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟರೆ, ಚಹರೆ ಬೇಡವಾದವನು ಅಪ್‌ಡೇಟನ್ನೇ ನಿಲ್ಲಿಸುತ್ತಾನೆ. ಮುಂದಿನ ತಿಂಗಳು ಪತ್ತೆಯಾಗುವ ಭದ್ರತೆಯ ಬಿರುಕು ಅವನ ಯಂತ್ರದಲ್ಲಿ ತೆರೆದೇ ಇರುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಹಾಕುವುದು ಅದೇ ಬ್ರೌಸರಿನಲ್ಲಿ. ಹಾಗೆ ನಿಲ್ಲಿಸಬೇಡಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಅವರನ್ನು ಆ ಸ್ಥಿತಿಗೆ ದೂಡಬೇಡಿ ಎಂದು ತಯಾರಕರಿಗೂ ಹೇಳಬೇಕಾಗಿದೆ.

ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ 2020ರಲ್ಲಿ ಪೂರ್ತಿ ಹೊಸದಾಗಿ ಬಂತು. ಅದಕ್ಕೂ ಮೊದಲು ಕೆಲಸ ಮಾಡುತ್ತಿದ್ದ ಆಡ್-ಆನ್‌ಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಬಾಗಿಲು ಮತ್ತೆ ಎಲ್ಲಕ್ಕೂ ತೆರೆದದ್ದು 2023ರ ಡಿಸೆಂಬರ್‌ನಲ್ಲಿ. ‘ಮುಂದೆ ಕೊಡುತ್ತೇವೆ’ ಎಂಬ ಮಾತು ನಿಜವಾಗಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಳಚುವ ಮುನ್ನ ಕಟ್ಟಿ ಮುಗಿಸಿ ಎಂದು ಬಳಕೆದಾರರು ಹೇಳುವುದು ಇಂಥ ಅನುಭವದಿಂದ.

ಹೊಸ ಆವೃತ್ತಿ ಎಂದೊಡನೆ ಮುಖ ತಿರುಗಿಸುವವರಿಗೆ ಕನ್ನಡದ ಕಡೆಯಿಂದಲೂ ಒಂದು ಮಾತಿದೆ. 2008ರ ಆ 3ನೇ ಆವೃತ್ತಿಗೆ ಮೊದಲು ಲಿನಕ್ಸ್ ಯಂತ್ರಗಳ ಫೈರ್‌ಫಾಕ್ಸ್‌ನಲ್ಲಿ ಕನ್ನಡ ಬಹುಮಟ್ಟಿಗೆ ಚೆದುರಿ ಕಾಣುತ್ತಿತ್ತು. ಒತ್ತಕ್ಷರ ಒಂದೆಡೆ, ಗುಣಿತ ಇನ್ನೊಂದೆಡೆ. ಅಕ್ಷರ ಜೋಡಿಸುವ ಒಳಗಿನ ವ್ಯವಸ್ಥೆ ಬದಲಾದ ಮೇಲೆ ಪುಟ ಓದುವಂತಾಯಿತು. ಅಂದು ಗುಂಡಿಗಳು ಎಲ್ಲಿಗೆ ಹೋದವೆಂದು ಕೇಳುವ ಮನಸ್ಸು ಕನ್ನಡ ಓದುಗನಿಗೆ ಬಂದಿರಲಾರದು.

ಫೈರ್‌ಫಾಕ್ಸ್‌ನ ಮೆನುಗಳು ಕನ್ನಡದಲ್ಲೂ ಸಿಗುತ್ತವೆ; ಅನುವಾದಿಸುವವರು ಸ್ವಯಂಸೇವಕರು. 2020ರಿಂದ ನಾಲ್ಕು ವಾರಕ್ಕೊಂದು ಆವೃತ್ತಿ. ವಿನ್ಯಾಸ ಬದಲಾದಾಗಲೆಲ್ಲ ಅವರ ಮುಂದೆ ಹೊಸ ಸಾಲುಗಳು ಬಂದು ನಿಲ್ಲುತ್ತವೆ, ಮುಗಿಸಲಾಗದ ಸಾಲುಗಳು ಕನ್ನಡದ ಮೆನುವಿನ ನಡುವೆ ಇಂಗ್ಲಿಷಿನಲ್ಲೇ ಕಾಣುತ್ತವೆ. ಹೊಸ ಗುಂಡಿಯ ಬಗ್ಗೆ ಸಿಟ್ಟಾಗುವವರಲ್ಲಿ ನಾಲ್ವರು ಆ ಸಾಲುಗಳಲ್ಲಿ ಒಂದಿಷ್ಟನ್ನು ಹಂಚಿಕೊಂಡರೆ ಮುಂದಿನ ಆವೃತ್ತಿ ಇನ್ನಷ್ಟು ಕನ್ನಡದಲ್ಲಿ ಬರುತ್ತದೆ. ಆ ಕೆಲಸಕ್ಕೆ ಪ್ರೋಗ್ರಾಮಿಂಗ್ ಬೇಕಿಲ್ಲ. ಮೊಜಿಲ್ಲಾದ ಪಾಂಟೂನ್ ಎಂಬ ಅನುವಾದದ ತಾಣದಲ್ಲಿ ಒಂದು ಖಾತೆ ಸಾಕು.