ಭಾರ ಎಲ್ಲಿ ಕೂರಬೇಕು

ದೂರದ ಸೈಕಲ್ ಪ್ರಯಾಣಕ್ಕೆ ಸೀಟು ಆರಿಸುವುದು ಮೇಲ್ನೋಟಕ್ಕೆ ಅಂಗಡಿಯ ವ್ಯವಹಾರವೆನಿಸಿದರೂ, ಭಾರತೀಯ ದರ್ಶನಗಳು ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ಒಂದು ಪ್ರಶ್ನೆ ಅದರೊಳಗೆ ಅಡಗಿದೆ: ದೀರ್ಘ ಸಾಧನೆಗೆ ಹೊರಟವನು ದೇಹದ ಸುಖವನ್ನು ಬಯಸುವುದು ದೌರ್ಬಲ್ಯವೋ, ಸಾಧನೆಯ ಒಂದು ಅಂಗವೋ?

‘ಸುಖ’ ಎಂಬ ಶಬ್ದದ ಹಳೆಯ ಬಳಕೆಯೇ ಈ ವಿಚಾರಕ್ಕೆ ದಾರಿ ತೋರಿಸುತ್ತದೆ. ಋಗ್ವೇದದಲ್ಲಿ ಅದು ರಥಕ್ಕೆ ವಿಶೇಷಣವಾಗಿ ಬರುತ್ತದೆ. ‘ಸು’ ಎಂದರೆ ಒಳ್ಳೆಯ, ‘ಖ’ ಎಂದರೆ ರಂಧ್ರ, ಅಂದರೆ ಗಾಲಿಯ ನಡುವೆ ಅಚ್ಚು ಸರಿಯಾಗಿ ಕೂರುವ ರಂಧ್ರವುಳ್ಳದ್ದು ಎಂದು ಕೆಲವು ನಿಘಂಟುಕಾರರು ಅದನ್ನು ಬಿಡಿಸುತ್ತಾರೆ. ಈ ಅರ್ಥದಲ್ಲಿ ಸುಖವೆಂದರೆ ಮೆತ್ತಗಿರುವುದಲ್ಲ, ಒಂದಕ್ಕೊಂದು ಹೊಂದಿಕೊಂಡು ಅಡ್ಡಿಯಿಲ್ಲದೆ ಸಾಗುವುದು. ಪತಂಜಲಿಯ ಯೋಗಸೂತ್ರ ಆಸನಕ್ಕೆ ಸ್ಥಿರತೆ ಮತ್ತು ಸುಖ ಎರಡನ್ನೂ ಲಕ್ಷಣವಾಗಿ ಹೇಳಿ, ಪ್ರಯತ್ನದ ಬಿಗಿ ಸಡಿಲಿ ಮನಸ್ಸು ಅನಂತದಲ್ಲಿ ನೆಲೆಸಿದಾಗ ಅದು ಸಿದ್ಧಿಸುತ್ತದೆ ಎನ್ನುವುದೂ, ಭಗವದ್ಗೀತೆಯ 6ನೆಯ ಅಧ್ಯಾಯ ಧ್ಯಾನದ ಪೀಠ ಅತಿ ಎತ್ತರವೂ ಅತಿ ತಗ್ಗೂ ಆಗಿರಬಾರದೆಂದು ವಿಧಿಸುವುದೂ ಇದೇ ಹೊಂದಾಣಿಕೆಯ ವಿವರಗಳು.

ಸೀಟಿನ ಮಟ್ಟಿಗೆ ಈ ಹೊಂದಾಣಿಕೆಯೆಂದರೆ ಭಾರವನ್ನು ಯಾವುದು ಹೊರಬೇಕೆಂಬ ಪ್ರಶ್ನೆ. ಕೋಲಾರದ ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ಗೆ ಅದು ಹೊಸದಲ್ಲ. 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿದ್ದ, ಕೋಲಾರದ ಚಿನ್ನದ ಗಣಿಗಾರಿಕೆ 2001ರಲ್ಲಿ ನಿಂತಾಗ ಮುಚ್ಚಿದ ಇಲ್ಲಿನ ಗಣಿಯಲ್ಲಿ, ಅದಿರು ತೆಗೆದ ಪೊಳ್ಳಿನ ಅಂಚಿಗೆ ಒತ್ತಡವೆಲ್ಲ ಸೇರಿ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ‘ರಾಕ್ ಬರ್ಸ್ಟ್’ ಅನೇಕ ಕಾರ್ಮಿಕರ ಪ್ರಾಣ ತೆಗೆದಿತ್ತು. ಮೇಲಿನ ನೆಲದ ಭಾರವನ್ನು ಇಲ್ಲವಾಗಿಸಲು ಯಾರಿಂದಲೂ ಆಗದ ಕಾರಣ, ತೆರವಾದ ಜಾಗದಲ್ಲಿ ಗ್ರಾನೈಟ್ ಕಲ್ಲಿನ ಆಧಾರ ಕಟ್ಟಿ, ತಾಳಬಲ್ಲ ಕಡೆ ಆ ಭಾರ ಕೂರುವಂತೆ ಮಾಡಬೇಕಾಯಿತು. ಆ ದಾರುಣ ಅನುಭವವನ್ನು ಸವಾರನ ನೋವಿನೊಡನೆ ತೂಗಲಾಗದು. ಆದರೆ ಅದು ಕಲಿಸಿದ ತತ್ತ್ವ ದೇಹಕ್ಕೂ ಸಲ್ಲುತ್ತದೆ.

ಕುಳಿತ ಮನುಷ್ಯನ ಭಾರ ಹೊರಲು ಸೊಂಟದೆಲುಬಿನ ತಳದಲ್ಲಿ ಎರಡು ದಪ್ಪ ಗಂಟುಗಳಿವೆ, ಇವನ್ನು ಆಸನಾಸ್ಥಿಗಳೆನ್ನಬಹುದು. ಸೀಟಿನ ಅಗಲ ಇವೆರಡರ ನಡುವಿನ ಅಂತರಕ್ಕೆ ಹೊಂದಿದಾಗ ಭಾರ ಎಲುಬಿನ ಮೇಲೆ ನಿಲ್ಲುತ್ತದೆ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿದಾಗ ಹಿತವೆನಿಸುವ ದಪ್ಪ ಸ್ಪಂಜಿನ ಸೀಟಿನಲ್ಲಾದರೋ ಎಲುಬು ಒಳಗಿಳಿದು, ನಡುವಿನ ಸ್ಪಂಜು ಉಬ್ಬಿ, ತೊಡೆಸಂದಿನ ಮೃದು ಭಾಗವನ್ನೂ ಅಲ್ಲಿನ ನರಗಳನ್ನೂ ಒತ್ತುವುದರಿಂದ, ಚಾಂಪಿಯನ್ ರೀಫ್ಸ್‌ನಿಂದ ಬಂಗಾರಪೇಟೆಯವರೆಗೆ ಸುಖವೆನಿಸಿದ್ದು, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರು ಸೇರುವಷ್ಟರಲ್ಲಿ ಜೋಮಾಗಿ, ಉರಿಯಾಗಿ ಮಾರ್ಪಡಬಹುದು. ನೆಟ್ಟಗೆ ಕೂತು ತುಳಿಯುವ ಹಳೆಯ ಮಾದರಿಯ ಸೈಕಲಿಗೆ ಸ್ಪ್ರಿಂಗಿರುವ ಅಗಲ ಸೀಟೂ, ಮುಂದಕ್ಕೆ ಬಾಗಿ ತುಳಿಯುವ ಸೈಕಲಿಗೆ ಕಿರಿದಾದ ಸೀಟೂ ಒಪ್ಪುವುದು ಭಾರ ಬೀಳುವ ಜಾಗ ಬದಲಾಗುವುದರಿಂದಲೇ. ಬಿಗಿದು ಕಟ್ಟಿದ ದಪ್ಪ ತೊಗಲಿನ ಸೀಟು ಮೊದಮೊದಲು ಹಲಗೆಯಂತೆ ಗಟ್ಟಿಯಾಗಿದ್ದು, ನೂರಾರು ಕಿಲೋಮೀಟರ್ ಸವೆದ ಮೇಲೆ ಎಲುಬು ಕೂರುವ ಎರಡೇ ಕಡೆ ತುಸು ತಗ್ಗಿ, ಅಲ್ಲಿ ಎರಡು ನುಣುಪಾದ ಗುಳಿಗಳು ಮೂಡುತ್ತವೆ. ಅಂಥ ಸೀಟಿನ ಸುಖ ಕೊಂಡದ್ದಲ್ಲ, ಸವಾರನೂ ಸೀಟೂ ಕೂಡಿ ಬಾಳಿ ಗಳಿಸಿದ್ದು.

ಶೀತೋಷ್ಣಗಳನ್ನು ಸಹಿಸಬೇಕೆನ್ನುವ ಗೀತೆಯ ತಿತಿಕ್ಷೆ, ಅಂದರೆ ಗೊಣಗದೆ ತಾಳಿಕೊಳ್ಳುವ ಗುಣ, ಈ ಬಗೆಯ ಎಚ್ಚರವನ್ನು ಅಲ್ಲಗಳೆಯುವುದಿಲ್ಲವೆ ಎಂಬ ಆಕ್ಷೇಪ ಸಹಜ. ಆದರೆ ಅದೇ ಗೀತೆ 17ನೆಯ ಅಧ್ಯಾಯದಲ್ಲಿ, ಮೂಢ ಹಠದಿಂದ ತನ್ನನ್ನೇ ಪೀಡಿಸಿಕೊಳ್ಳುವ ತಪಸ್ಸನ್ನು ತಾಮಸವೆಂದು ಎಣಿಸುತ್ತದೆ. ಎದುರುಗಾಳಿ, ಏರು, ಏಪ್ರಿಲ್ ತಿಂಗಳ ಬಿಸಿಲು ಇವು ದಾರಿಯೇ ಕೊಡುವ ಕಷ್ಟಗಳು, ತಿತಿಕ್ಷೆ ಸಲ್ಲಬೇಕಾದದ್ದು ಅವಕ್ಕೆ. ಸೀಟಿನ ಮೂತಿ ಮೇಲೆದ್ದಿರುವಂತೆ ಬಿಗಿದ ಬೋಲ್ಟಿನಿಂದ ಬರುವ ನೋವನ್ನು ಸಹಿಸುವುದರಲ್ಲಿ ಪುಣ್ಯವಿಲ್ಲ, ಸ್ಪ್ಯಾನರ್ ಹಿಡಿದು ಅದನ್ನು ಸರಿಪಡಿಸುವುದೇ ವಿವೇಕ. ನೀಗಬಹುದಾದ ನೋವನ್ನು ನೀಗಿಕೊಂಡು ಹೊರಟವನಿಗೆ, ನೀಗಲಾಗದ್ದನ್ನು ತಾಳುವ ಶಕ್ತಿ ದಾರಿಯ ಕೊನೆಯವರೆಗೂ ಉಳಿದಿರುತ್ತದೆ.