ಮರಕ್ಕೆ ದಾಕ್ಷಿಣ್ಯವಿಲ್ಲ

ನನ್ನ ಅಣ್ಣನ ಮೊಮ್ಮಗಳೊಬ್ಬಳು ಶಾಲೆಗೆ ಹೋಗುವುದಿಲ್ಲ. ಹೀಗೆಂದ ಕೂಡಲೆ ಕೇಳಿದವರ ಮುಖದಲ್ಲಿ ಮರುಕ ಮೂಡುತ್ತದೆ. ಹುಡುಗಿಗೆ ಏನೋ ಕಾಯಿಲೆಯಿರಬೇಕು, ಇಲ್ಲವೆ ತಂದೆತಾಯಿಗೆ ಏನೋ ತೊಂದರೆಯಿರಬೇಕು ಎಂದು. ಎರಡೂ ಇಲ್ಲ. ಹುಡುಗಿಗೆ ಹನ್ನೊಂದು ವರ್ಷ, ಆರೋಗ್ಯವಾಗಿದ್ದಾಳೆ. ತಂದೆತಾಯಿ ಇಬ್ಬರೂ ಚೆನ್ನಾಗಿ ಓದಿದವರು. ಓದಿದವರಾದ್ದರಿಂದಲೇ ಶಾಲೆಯ ಓದಿನಲ್ಲಿ ಅವರಿಗೆ ನಂಬಿಕೆ ಕಡಮೆ. ಮನೆಯಲ್ಲೇ ಕಲಿಸುತ್ತಾರೆ. ಬೆಳಗ್ಗೆ ಪುಸ್ತಕ, ಮಧ್ಯಾಹ್ನ ಕೈಗೆಲಸ. ಇದು ಆ ಮನೆಯ ವೇಳಾಪಟ್ಟಿ.

ಮೊದಮೊದಲು ಕೈಗೆಲಸವೆಂದರೆ ಅಂಗಡಿಯಿಂದ ತಂದ ಪೆಟ್ಟಿಗೆಗಳು. ತುಂಡುಗಳನ್ನೆಲ್ಲ ಯಾರೋ ಮೊದಲೇ ಕತ್ತರಿಸಿರುತ್ತಾರೆ, ತೂತುಗಳನ್ನು ಮೊದಲೇ ಕೊರೆದಿರುತ್ತಾರೆ. ಚಿತ್ರ ನೋಡಿಕೊಂಡು ಅಂಟಿಸಿದರೆ ಹಡಗೋ ಗಾಳಿಗಿರಣಿಯೋ ಆಗುತ್ತದೆ. ಸಾವಿರ ಮನೆಗಳಲ್ಲಿ ಸಾವಿರ ಮಕ್ಕಳು ಅದೇ ಹಡಗನ್ನು ಮಾಡುತ್ತಾರೆ. ತಪ್ಪುಮಾಡಲು ಎಡೆಯಿಲ್ಲದ ಕಡೆ ಕಲಿಯಲೂ ಎಡೆಯಿಲ್ಲವೆಂಬುದು ತಾಯಿಗೆ ಬೇಗ ಹೊಳೆಯಿತು. ಪೆಟ್ಟಿಗೆಗಳು ಅಟ್ಟ ಸೇರಿದವು. ಅವರ ಬೀದಿಯ ಕೊನೆಯಲ್ಲಿ ಬಾಗಿಲು ಕಿಟಕಿ ಮಾಡುವ ವಯಸ್ಸಾದ ಆಚಾರರೊಬ್ಬರಿದ್ದಾರೆ. ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿಕೊಂಡು, ವಾರಕ್ಕೆ ಮೂರು ಮಧ್ಯಾಹ್ನ ಮಗಳನ್ನು ಅಲ್ಲಿಗೆ ಕರೆದೊಯ್ಯತೊಡಗಿದರು.

ಹುಡುಗಿ ಮಾಡಹೊರಟ ಮೊದಲ ವಸ್ತು ಒಂದು ಸ್ಟೂಲು. ನಾಲ್ಕು ಕಾಲು, ಮೇಲೊಂದು ಹಲಗೆ. ಮಾಡಿ ನೆಲದ ಮೇಲಿಟ್ಟರೆ ಅಲುಗಿತು. ಉದ್ದವಾಗಿದ್ದ ಕಾಲನ್ನು ಗರಗಸದಿಂದ ಸ್ವಲ್ಪ ಕೊಯ್ದಳು. ಈಗ ಇನ್ನೊಂದು ಕಾಲು ಉದ್ದವಾಯಿತು. ಅದನ್ನೂ ಕೊಯ್ದಳು. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯದಂತೆ ಈ ವ್ಯವಹಾರ ಮೂರು ದಿನ ನಡೆದು, ಸ್ಟೂಲು ಕೊನೆಗೆ ಊಟದ ಮಣೆಗಿಂತ ನಾಲ್ಕು ಬೆರಳು ಎತ್ತರದಲ್ಲಿ ನಿಂತಿತು. ತಾಯಿ ವಾಡಿಕೆಯಂತೆ, ‘ತುಂಬ ಚೆನ್ನಾಗಿದೆ ಪುಟ್ಟಿ’ ಎಂದರು. ಹುಡುಗಿ, ‘ಚೆನ್ನಾಗಿಲ್ಲ ಅಮ್ಮ, ಸುಳ್ಳು ಹೇಳಬೇಡ’ ಎಂದು ಅತ್ತಳು. ಆಚಾರರು ತೋಪಡ ಹೊಡೆಯುವುದನ್ನು ನಿಲ್ಲಿಸಿ ಹೇಳಿದರಂತೆ: ‘ಮರಕ್ಕೆ ದಾಕ್ಷಿಣ್ಯ ಇಲ್ಲ ಕಣವ್ವಾ. ಅಳಬೇಡ. ಮುಂದಿನ ಸಲ ಮೂರೇ ಕಾಲು ಇಡು, ಅಲುಗೋದೇ ಇಲ್ಲ.’

ಮೂರು ಕಾಲಿನದು ಏಕೆ ಅಲುಗುವುದಿಲ್ಲ? ಈ ಪ್ರಶ್ನೆಯನ್ನು ಹೊತ್ತು ಹುಡುಗಿ ಮನೆಗೆ ಬಂದಳು. ಯಾವ ಮೂರು ಬಿಂದುಗಳನ್ನು ತೆಗೆದುಕೊಂಡರೂ ಅವು ಒಂದೇ ಸಮತಲದಲ್ಲಿ ಕೂಡುತ್ತವೆ, ನಾಲ್ಕನೆಯದು ಕೂಡಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ತಾಯಿ ಅಂದು ರಾತ್ರಿ ಕಾಗದದ ಮೇಲೆ ಬರೆದು ತೋರಿಸಿದರು. ನಾನು ಈ ರೇಖಾಗಣಿತವನ್ನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತವನು. ಆ ಮಗುವಿಗೆ ಮರೆಯುವುದು ಸಾಧ್ಯವೇ ಇಲ್ಲ. ಮೂರು ದಿನ ಗರಗಸ ಎಳೆದು ಪಡೆದ ವಿದ್ಯೆ ಅದು.

ಆದರೆ ಕೈಗೆಲಸದ ಹೆಚ್ಚಳ ಗಣಿತಕ್ಕೆ ದಾರಿಯಾಗುವುದರಲ್ಲಿ ಮಾತ್ರ ಇಲ್ಲ. ನಮ್ಮ ಮಕ್ಕಳು ಬೆಳೆಯುತ್ತಿರುವುದು ಹೊಗಳಿಕೆಯ ನಡುವೆ. ಗೆರೆ ಎಳೆದರೆ ಚಪ್ಪಾಳೆ, ಹಾಡಿದರೆ ಫೋನಿನಲ್ಲಿ ಚಿತ್ರ, ಚಿತ್ರಕ್ಕೆ ನೂರು ಜನರ ಶಹಭಾಸು. ಇದರಲ್ಲಿ ಪ್ರೀತಿಯುಂಟು, ಸತ್ಯವಿಲ್ಲ. ಮರವಾದರೋ ಯಾರ ಮಗಳೆಂದು ಕೇಳುವುದಿಲ್ಲ. ಎಳೆಗೆ ಎದುರಾಗಿ ಉಳಿ ಇಟ್ಟರೆ ಸಿಗಿದುಬಿಡುತ್ತದೆ. ಮೇಷ್ಟರ ಕೋಪವೂ ಇಲ್ಲದೆ ತಾಯಿಯ ಮುದ್ದೂ ಇಲ್ಲದೆ, ‘ಇದು ತಪ್ಪು’ ಎಂದು ಹೇಳುವ ಗುರು ಮಗುವಿಗೆ ಇನ್ನೆಲ್ಲಿ ದೊರೆತಾನು? ಮನೆಯಲ್ಲೇ ಕಲಿಯುವ ಮಗುವಿಗಂತೂ ಇದು ಹೆಚ್ಚು ಅವಶ್ಯ. ಏಕೆಂದರೆ ಅದರ ಉಪಾಧ್ಯಾಯರೂ ಪರೀಕ್ಷಕರೂ ಅದನ್ನು ಹೆತ್ತವರೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಕೈಗೆಲಸದ ಮಂಗಳಾರತಿಯಾಗುತ್ತಿತ್ತು. ಆದರೆ ಒಂದು ದಿನ ಹುಡುಗಿಯ ಜೊತೆ ನಾನೂ ಹೋಗಿ ಆಚಾರರ ಕೊಟ್ಟಿಗೆಯಲ್ಲಿ ಕುಳಿತಿದ್ದೆ. ಅವರ ಮೊಮ್ಮಗ, ಹೆಚ್ಚು ಕಡಮೆ ಅದೇ ವಯಸ್ಸಿನವನು, ಚೀಲ ಹೆಗಲಿಗೇರಿಸಿಕೊಂಡು ಟ್ಯೂಷನ್ನಿಗೆ ಹೊರಟಿದ್ದ. ‘ಇವನಿಗೂ ಕಲಿಸುತ್ತೀರಾ ಆಚಾರರೆ?’ ಎಂದು ಕೇಳಿದೆ. ಮುದುಕರು ತಮ್ಮ ಎಡಗೈಯನ್ನು ಮುಂದೆ ಹಿಡಿದರು. ತೋರುಬೆರಳಿನ ತುದಿ ಇರಲಿಲ್ಲ. ‘ಉಳಿ ಮುಟ್ಟಬೇಡ ಅಂದಿದೀನಿ ಸ್ವಾಮಿ. ನಿಮ್ಮ ಮಗೂಗೆ ಇದು ಬಂದ್ರೆ ಒಡವೆ ಇದ್ದಂಗೆ. ನಮ್ಮ ಹುಡುಗನಿಗೆ ಇದೊಂದೇ ಬಂದ್ರೆ ಹಣೆಬರಹ.’

ನನಗೆ ಉತ್ತರ ತೋಚಲಿಲ್ಲ. ಒಂದೇ ಉಳಿ, ಒಂದೇ ಮರ, ಒಂದೇ ವಯಸ್ಸಿನ ಎರಡು ಮಕ್ಕಳು. ಒಬ್ಬಳಿಗೆ ಹಣ ಕೊಟ್ಟು ಕಲಿಸುತ್ತಾರೆ. ಇನ್ನೊಬ್ಬನನ್ನು ಹಣ ಕೊಟ್ಟು ಅದರಿಂದ ದೂರ ಕಳಿಸುತ್ತಾರೆ. ಹಾಗಾದರೆ ಕೈಗೆಲಸ ಮಗುವಿಗೆ ಒಳ್ಳೆಯದೇ, ಅಲ್ಲವೇ? ಇಬ್ಬರಲ್ಲಿ ಯಾರ ಹಿರಿಯರು ಸರಿ?

ಈ ಪ್ರಶ್ನೆ ಹೊಸದಲ್ಲ. 1762ರಲ್ಲಿ ಪ್ರಕಟವಾದ ರೂಸೋನ ‘ಎಮೀಲ್’ ಗ್ರಂಥದ ಹುಡುಗ ಶಾಲೆ ಕಾಣದವನು, ಒಬ್ಬ ಗುರುವಿನ ಕೈಯಲ್ಲಿ ಬೆಳೆದವನು. ಅವನಿಗೆ ರೂಸೋ ಕಲಿಸುವುದು ಬಡಗಿಯ ಕೆಲಸವನ್ನೇ. ಆ ಕಸುಬು ಬರಲೆಂಬುದಕ್ಕಿಂತ, ಕಸುಬನ್ನು ಕೀಳೆಂದು ಕಾಣುವ ಪೂರ್ವಗ್ರಹ ಅಳಿಯಲೆಂಬುದು ಅವನ ಉದ್ದೇಶ. ಮಾತು ಉದಾತ್ತವಾದದ್ದು. ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದವನ ಮಾತು ಎಂಬುದನ್ನೂ ನೆನಪಿನಲ್ಲಿಟ್ಟುಕೊಳ್ಳೋಣ. ಮಕ್ಕಳ ವಿಷಯದಲ್ಲಿ ತತ್ತ್ವ ಹೇಳುವವರ ಮನೆಯನ್ನು ಒಮ್ಮೆ ಇಣುಕಿ ನೋಡುವುದು ಅನ್ಯಾಯವಲ್ಲ.

ಗಾಂಧೀಜಿ ತಮ್ಮ ಮನೆಯನ್ನು ಮುಚ್ಚಿಟ್ಟವರಲ್ಲ. 1897ರಲ್ಲಿ ಅವರು ಸಂಸಾರಸಮೇತರಾಗಿ ಡರ್ಬನ್ನಿಗೆ ಬಂದಿಳಿದಾಗ ಮಕ್ಕಳ ಓದಿನ ಪ್ರಶ್ನೆ ಎದ್ದಿತು. ಬಿಳಿಯರ ಶಾಲೆಗೆ ಸೇರಿಸಬಹುದಾಗಿತ್ತು. ಆದರೆ ಬೇರೆ ಭಾರತೀಯರ ಮಕ್ಕಳಿಗಿಲ್ಲದ ಅನುಗ್ರಹ ತಮ್ಮ ಮಕ್ಕಳಿಗೆ ಬೇಡವೆಂದು ಮನೆಯಲ್ಲೇ ಕಲಿಸಿದರು. ಜೋಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ನಡೆಯುವಾಗ ದಾರಿಯಲ್ಲಿ ಆಡಿದ ಮಾತೇ ಪಾಠ. 1910ರಲ್ಲಿ ತೆರೆದ ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಅವರ ಗೆಳೆಯ ಕಾಲೆನ್‌ಬಾಖ್ ಒಂದು ಕ್ರೈಸ್ತ ಮಠದಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತುಬಂದರು, ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಮಕ್ಕಳು. ಅಗೆತ, ಅಡುಗೆ, ಬಡಗಿತನ ಎಲ್ಲವೂ ಅಲ್ಲಿ ನಡೆಯಿತು. ಹಿರಿಯರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಕೂಡದೆಂಬುದು ಅಲ್ಲಿನ ನಿಯಮ.

ಆದರೂ ಹಿರಿಯ ಮಗ ಹರಿಲಾಲರು 1911ರಲ್ಲಿ ತಂದೆಯನ್ನು ತೊರೆದು ಭಾರತಕ್ಕೆ ಬಂದರು. ತಮಗೆ ಕ್ರಮವಾದ ವಿದ್ಯಾಭ್ಯಾಸ ದೊರೆಯಲಿಲ್ಲವೆಂಬುದು ಅವರ ದೊಡ್ಡ ದೂರು. ಮಕ್ಕಳಿಗೆ ಈ ಕೊರಗುಂಟೆಂದು ತಂದೆಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಎರಡನೆಯ ಮಗ ಮಣಿಲಾಲರಾದರೋ 1956ರಲ್ಲಿ ತೀರಿಕೊಳ್ಳುವವರೆಗೂ ಫೀನಿಕ್ಸಿನಲ್ಲಿದ್ದು, ತಂದೆ ಕಟ್ಟಿದ ಮುದ್ರಣಾಲಯವನ್ನೂ ಪತ್ರಿಕೆಯನ್ನೂ ನಡೆಸಿದರು. ಒಂದೇ ಮನೆ, ಒಂದೇ ಗುರು. ಒಬ್ಬನಿಗೆ ಬಾಳಾಯಿತು, ಇನ್ನೊಬ್ಬನಿಗೆ ಗಾಯವಾಯಿತು. ತಂದೆಯ ಆದರ್ಶಕ್ಕೆ ಬೆಲೆ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಹರಿಲಾಲರ ಬದುಕು ಇಂದಿಗೂ ನಮ್ಮ ಮುಂದಿಡುತ್ತದೆ.

ಮುಂದೆ 1937ರ ಅಕ್ಟೋಬರಿನಲ್ಲಿ ವಾರ್ಧಾ ಸಮ್ಮೇಳನ ಸೇರಿತು. ಕಸುಬಿನ ಮೂಲಕವೇ ಎಲ್ಲ ವಿದ್ಯೆಯೂ ಬರಬೇಕೆಂಬ ಮೂಲಶಿಕ್ಷಣ ಹುಟ್ಟಿತು. ಮಕ್ಕಳು ಮಾಡಿದ ಸಾಮಾನಿನ ಹಣದಿಂದಲೇ ಶಾಲೆ ನಡೆಯಲೆಂಬುದು ಗಾಂಧೀಜಿಯ ಆಸೆ. ಯೋಜನೆಯನ್ನು ರೂಪಿಸಿದ ಜಾಕಿರ್ ಹುಸೇನ್ ಸಮಿತಿ ಮಾತ್ರ, ಹಣದ ಕಡೆ ಕಣ್ಣು ಹೋದರೆ ವಿದ್ಯೆ ಹಿಂದೆ ಬೀಳುವ ಅಪಾಯವುಂಟೆಂದು ಎಚ್ಚರಿಸಿತು. ಇನ್ನೂ ದೊಡ್ಡ ಅಪಾಯ ಕಂಡುಬಂದದ್ದು 1953ರಲ್ಲಿ. ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಏರ್ಪಾಟು ತಂದರು: ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮನೆಯಲ್ಲಿ ತಂದೆತಾಯಿಯ ಕಸುಬು. ಇದು ಕುಲಶಿಕ್ಷಣ, ಅಗಸನ ಮಗನನ್ನು ಅಗಸನಾಗಿಯೇ ಉಳಿಸುವ ಉಪಾಯ ಎಂದು ವಿರೋಧ ಭುಗಿಲೆದ್ದಿತು. 1954ರಲ್ಲಿ ರಾಜಾಜಿ ರಾಜೀನಾಮೆ ಕೊಟ್ಟರು; ಕಾಮರಾಜರ ಸರಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು.

ನೋಡಿ, ‘ಮನೆಯಲ್ಲೇ ಕೈಗೆಲಸ ಕಲಿಯುವುದು’ ಎಂಬ ಮಾತು ಒಂದೇ. ರೂಸೋನ ಬಾಯಲ್ಲಿ ಅದು ಬಿಡುಗಡೆ. ಮದರಾಸಿನ ಹಳ್ಳಿಯ ಬಡವನಿಗೆ ಅದು ಸಂಕೋಲೆ. ನಮ್ಮ ಆಚಾರರು ಈ ಚರಿತ್ರೆಯನ್ನು ಓದಿದವರಲ್ಲ. ಆದರೆ ಅದರ ಸಾರವೆಲ್ಲ ಆ ಮೊಂಡು ಬೆರಳಿನಲ್ಲಿತ್ತು. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯಿದೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿದರೂ, ಶಾಲೆಯ ಹೊತ್ತು ಮುಗಿದ ಮೇಲೆ ಅಪಾಯವಿಲ್ಲದ ಮನೆಗೆಲಸ, ಮನೆಯ ಕಸುಬುಗಳಿಗೆ ನೆರವಾಗಲು ಬಿಟ್ಟಿದೆ. ಅದರಲ್ಲಿ ಕಲಿಕೆ ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ತೊಡಗುತ್ತದೆ ಎಂಬ ಗೆರೆಯನ್ನು ಕಾನೂನು ಪೂರ್ತಿ ಎಳೆಯಲಾರದು. ಅದನ್ನು ಮನೆಯ ಹಿರಿಯರ ಅಂತಃಕರಣವೇ ಎಳೆಯಬೇಕು.

ಆ ಗೆರೆಯನ್ನು ಗುರುತಿಸುವುದು ಹೇಗೆ? ನನಗೆ ತೋರುವುದಿಷ್ಟು. ಮೊದಲನೆಯದಾಗಿ, ಕಲಿಸುವವರ ಕೈಗೂ ಕೆಲಸವಿರಬೇಕು. ತಾನು ಕುರ್ಚಿಯಲ್ಲಿ ಕುಳಿತು ಮಗುವಿಗೆ ಗುಡಿಸೆನ್ನುವವನು ಕಲಿಸುತ್ತಿರುವುದು ಗುಡಿಸುವುದನ್ನಲ್ಲ, ಯಜಮಾನಿಕೆಯನ್ನು. ಟಾಲ್‌ಸ್ಟಾಯ್ ಫಾರಮ್ಮಿನ ನಿಯಮ ಇಲ್ಲಿ ಚಿನ್ನದಂಥದು. ಎರಡನೆಯದಾಗಿ, ಮಾಡಿದ ವಸ್ತು ಬಳಕೆಗೆ ಬರಬೇಕು. ಆದರೆ ಮನೆಯ ಅನ್ನ ಅದರ ಮೇಲೆ ನಿಂತಿರಬಾರದು. ಪ್ರದರ್ಶನಕ್ಕೆಂದು ಮಾಡಿದ್ದರಲ್ಲಿ ಸತ್ಯವಿರುವುದಿಲ್ಲ, ಹೊಟ್ಟೆಗೆಂದು ಮಾಡಿದ್ದರಲ್ಲಿ ಮಗುವಿಗೆ ತಪ್ಪುವ ಹಕ್ಕಿರುವುದಿಲ್ಲ. ಮೂರು ದಿನ ಸ್ಟೂಲಿನ ಕಾಲು ಕೊಯ್ದು ಹಾಳುಮಾಡುವ ಸ್ವಾತಂತ್ರ್ಯ ನಮ್ಮ ಹುಡುಗಿಗಿತ್ತು. ಆಚಾರರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಅದು ಇದ್ದಿರಲಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಬಾಗಿಲು ತೆರೆದಿರಬೇಕು. ನಾಳೆ ಮಗು ಉಳಿಯನ್ನು ಕೆಳಗಿಟ್ಟು ‘ನನಗೆ ವೈದ್ಯ ಓದಬೇಕು’ ಎಂದರೆ ಓದುವ ಹಾದಿ ಅದಕ್ಕಿರಬೇಕು. ಹರಿಲಾಲರ ಅಳಲು ಇದೇ. ಹಳ್ಳಿಯ ಬಡವರ ಸಿಟ್ಟೂ ಇದೇ. ನಮ್ಮ ಸಂವಿಧಾನಕ್ಕೆ 2002ರಲ್ಲಿ ಬಂದ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವಿದ್ಯೆಯ ಅವಕಾಶ ಒದಗಿಸುವುದು ಹೆತ್ತವರ ಕರ್ತವ್ಯವೆಂದಿದೆ. ಅವಕಾಶವೆಂಬ ಶಬ್ದ ಚೆನ್ನಾಗಿದೆ. ತಂದೆತಾಯಿಗೆ ಶಾಲೆ ಬೇಡವಾಗಿರಬಹುದು. ಮಗುವಿಗೆ ಅದು ಬೇಕಾದ ದಿನ ಒಳಗೆ ಹೋಗಲಾರದಂತೆ ಅದನ್ನು ಬೆಳೆಸುವ ಹಕ್ಕು ಅವರಿಗಿಲ್ಲ. ಈ ಹುಡುಗಿಯ ತಂದೆತಾಯಿ ಮುಂದೆ ಮುಕ್ತ ಶಾಲೆಯ ಮೂಲಕ ಅವಳನ್ನು ಪರೀಕ್ಷೆಗೆ ಕೂರಿಸುವ ಯೋಚನೆ ಇಟ್ಟುಕೊಂಡಿದ್ದಾರೆ. ಅದು ಅವರ ಆದರ್ಶಕ್ಕೆ ಕುಂದಲ್ಲ, ಭೂಷಣ.

ಇಷ್ಟಾದರೂ ಆಚಾರರ ಮಾತಿಗೆ ಪೂರ್ತಿ ಉತ್ತರವಾಗಲಿಲ್ಲ. ಒಡವೆಗೂ ಹಣೆಬರಹಕ್ಕೂ ನಡುವೆ ಇರುವ ಅಂತರ ಉಳಿಯಲ್ಲಿಲ್ಲ. ಉಳಿ ಹಿಡಿದವನಿಗೆ ನಾವು ಕೊಡುವ ಬೆಲೆಯಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಮಕ್ಕಳು ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದು ಹೇಳಿದೆ. ಒಳ್ಳೆಯದು. ಆದರೆ ಹತ್ತು ದಿನ ಕುಂಬಾರನ ಬಳಿ ಕುಳಿತು ಬಂದ ಮಗುವಿನ ಮುಂದೆಯೇ, ಹನ್ನೊಂದನೆಯ ದಿನ ತಾಯಿ ಹಣತೆಗೆ ಒಂದು ರೂಪಾಯಿ ಚೌಕಾಸಿ ಮಾಡಿದರೆ, ಮಗು ಕಲಿಯುವುದು ಯಾವ ಪಾಠ? ಹುಡುಗಿಯ ತಂದೆ ನನ್ನೊಡನೆ ಒಂದು ಮಾತು ಹೇಳಿದ: ‘ಚಿಕ್ಕಪ್ಪ, ಮನೆ ಕಟ್ಟಿಸುವಾಗ ಇದೇ ಆಚಾರರ ಜೊತೆ ಒಂದು ಬಾಗಿಲಿಗೆ ಇಷ್ಟೊಂದೇ ಎಂದು ಜಗಳವಾಡಿದ್ದೆ. ಈಗ ಮಗಳ ಪಕ್ಕ ಕೂತು ಒಂದು ತೂತು ಚೌಕವಾಗಿ ಕೊರೆಯಲು ಅರ್ಧ ದಿನ ತೆಗೆದುಕೊಂಡೆ. ನಾಚಿಕೆಯಾಯಿತು.’ ರೂಸೋ ಬಯಸಿದ ಪಾಠ ಹುಡುಗಿಗಿಂತ ಮೊದಲು ಅವಳ ತಂದೆಗೆ ತಗುಲಿತೆಂದು ತೋರುತ್ತದೆ.

ಮೊದಲ ಸ್ಟೂಲು ಈಗ ಅವರ ಅಡುಗೆಮನೆಯಲ್ಲಿದೆ. ನಮ್ಮ ಅತ್ತಿಗೆಗೆ ನೆಲದ ಮೇಲೆ ಕೂರಲಾಗದು, ಕುರ್ಚಿಯಲ್ಲಿ ಕೂತು ಈಳಿಗೆಯಲ್ಲಿ ಹೆಚ್ಚಲಾಗದು. ಆ ನಾಲ್ಕು ಬೆರಳೆತ್ತರ ಅವರಿಗೆ ಹೇಳಿಮಾಡಿಸಿದಂತಿದೆ. ಎರಡನೆಯದು, ಮೂರು ಕಾಲಿನದು, ಮುಗಿದ ದಿನ ಹುಡುಗಿ ಅದನ್ನು ಆಚಾರರಿಗೇ ಕೊಟ್ಟಳಂತೆ. ಅವರು ತಿರುಗಿಸಿ ಕೂಡುಗಳನ್ನು ನೋಡಿದರು. ಹೊಗಳಲಿಲ್ಲ, ತೆಗಳಲಿಲ್ಲ; ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟರು. ಮೊನ್ನೆ ನಾನು ಆ ದಾರಿಯಲ್ಲಿ ಬರುವಾಗ ಅವರ ಮೊಮ್ಮಗ ಅದರ ಮೇಲೆ ಕುಳಿತು, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದ. ಒಳಗೆ ತಾತನ ತೋಪಡದ ಸದ್ದು ಕೇಳುತ್ತಿತ್ತು. ಸ್ಟೂಲು ಅಲುಗುತ್ತಿರಲಿಲ್ಲ.