ಮಣಿಯ ಹೆಸರು, ಮಣಿಯ ನಿಜ

ನುಡಿಯು ಹೇಗಿರಬೇಕೆಂಬುದನ್ನು ತಿಳಿಸಲು ಬಸವಣ್ಣನವರು ಮುತ್ತು, ಮಾಣಿಕ್ಯ, ಸ್ಫಟಿಕಗಳನ್ನು ಹೋಲಿಕೆಗೆ ಆಯ್ದುಕೊಂಡುದು ವಚನಗಳನ್ನೋದುವ ಭಕ್ತರಿಗೆಲ್ಲ ತಿಳಿದ ಸಂಗತಿ. ಒಳಗೂ ಹೊರಗೂ ಒಂದೇ ಆಗಿರುವ ವಸ್ತುವೇ ಸತ್ಯವಾದ ಮಾತಿಗೆ ಉಪಮಾನವಾಗಲು ಯೋಗ್ಯ. ಆದರೆ ಇಂದಿನ ಪೇಟೆಯಲ್ಲಿ ಆ ಉಪಮಾನಕ್ಕೇ ಕುತ್ತು ಬಂದಿದೆ. ಕಲ್ಲು ಸುಳ್ಳಾಡಲಾರದು, ಅದಕ್ಕೆ ಅಂಟಿಸಿದ ಹೆಸರು ಸುಳ್ಳಾಡುತ್ತಿದೆ.

ಜಾತ್ರೆಯ ಅಂಗಡಿಗಳಲ್ಲಿಯೂ, ಈಗ ಮನೆಯಲ್ಲಿ ಕುಳಿತೇ ಮೊಬೈಲಿನ ಮೂಲಕ ತರಿಸಿಕೊಳ್ಳುವ ಮಾಲೆಗಳಲ್ಲಿಯೂ ‘ಇಂಡಿಯನ್ ಜೇಡ್’ ಎಂಬುದೊಂದುಂಟು. ಜೇಡ್ ಎಂಬ ಹೆಸರಿಗೆ ಅರ್ಹವಾದವು ಜೇಡೈಟ್ ಮತ್ತು ನೆಫ್ರೈಟ್ ಎಂಬೆರಡೇ. ಈ ‘ಇಂಡಿಯನ್ ಜೇಡ್’ ಆದರೋ ಹಸಿರು ಅಭ್ರಕದ ಕಣಗಳು ಮಿನುಗುವ ಬೆಣಚುಕಲ್ಲಿನ ಒಂದು ಜಾತಿ. ಅದರ ನಿಜನಾಮ ಅವೆಂಚುರಿನ್. ‘ನ್ಯೂ ಜೇಡ್’ ಸರ್ಪೆಂಟೈನ್ ಎಂಬ ಮೃದುಶಿಲೆ. ‘ಸ್ಮೋಕಿ ಟೋಪಾಜ್’ ಪುಷ್ಯರಾಗವಲ್ಲ, ಹೊಗೆಬಣ್ಣದ ಸ್ಫಟಿಕ. ‘ಸ್ವಿಸ್ ಲ್ಯಾಪಿಸ್’ ನೀಲಿಬಣ್ಣ ಕುಡಿಸಿದ ಜಾಸ್ಪರ್. ‘ಟರ್ಕ್ವೆನೈಟ್’ ಎಂಬುದು ಪಿರೋಜದಂತೆ ಕಾಣಲೆಂದು ಬಣ್ಣದಲ್ಲಿ ಅದ್ದಿದ ಬಿಳಿಯ ಹೌಲೈಟ್ ಅಥವಾ ಮ್ಯಾಗ್ನಸೈಟ್. ‘ಓಪಲೈಟ್’ ಎಂಬ ಹೆಸರಿನಲ್ಲಿ ಬರುವ ಹಾಲುಬಣ್ಣದ ಮಣಿ ಬಹುಮಟ್ಟಿಗೆ ಗಾಜು. ದೊಡ್ಡ ರತ್ನದ ಹೆಸರಿನ ಮುಂದೆ ಒಂದು ದೇಶವನ್ನೋ ವಿಶೇಷಣವನ್ನೋ ಜೋಡಿಸಿದ್ದರೆ ಕೊಳ್ಳುವವನು ಒಂದು ಕ್ಷಣ ನಿಲ್ಲುವುದು ಲೇಸು. ಆದರೂ ಇದು ಸರ್ವತ್ರ ಸಲ್ಲುವ ಸೂತ್ರವಲ್ಲ; ಬರ್ಮಾ ಮಾಣಿಕ್ಯವು ಮಾಣಿಕ್ಯವೇ ಹೌದು.

ಅವೆಂಚುರಿನ್ನಿನ ಕಥೆ ಸ್ವಾರಸ್ಯವಾದುದು. ವೆನಿಸ್ ನಗರದ ಗಾಜುಗಾರರು ತಾಮ್ರದ ಹರಳುಗಳು ಹೊಳೆಯುವ ಕಂದುಗಾಜನ್ನು ಮಾಡಿ ‘ಅವೆಂಚುರಿನಾ’ ಎಂದು ಕರೆದರು. ಹಾಗೆಯೇ ಮಿನುಗುವ ಕಲ್ಲಿಗೆ ಆ ಹೆಸರು ಬಂದುದು ಅನಂತರ. ಭೂಮಿಯು ಹಡೆದ ಕಲ್ಲು ಕುಲುಮೆಯ ಗಾಜಿನಿಂದ ಹೆಸರನ್ನು ಸಾಲ ಪಡೆಯಿತು! ಅದೇ ಗಾಜು ಇಂದು ‘ಸನ್‌ಸ್ಟೋನ್’ ಎಂಬ ಮತ್ತೊಂದು ಹೆಸರಿನಲ್ಲಿಯೂ ಮಾರಾಟವಾಗುವುದುಂಟು. ಗಾಜೆಂದು ಹೇಳಿ ಮಾರಿದರೆ ಅದರ ಚೆಲುವಿಗೆ ಯಾವ ಕೊರತೆಯೂ ಇಲ್ಲ.

ಇಲ್ಲಿ ಅಜ್ಞಾನವನ್ನೂ ವಂಚನೆಯನ್ನೂ ಬೇರ್ಪಡಿಸಿ ನೋಡಬೇಕು. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ’ವು ವಾಸ್ತವವಾಗಿ ಸ್ಪೈನೆಲ್. ಈ ಎರಡು ಕೆಂಪುಕಲ್ಲುಗಳು ಬೇರೆಬೇರೆಯೆಂದು ಫ್ರಾನ್ಸಿನ ರೋಮೆ ದ ಲಿಲ್ ತೋರಿಸಿಕೊಟ್ಟುದು 1783ರಲ್ಲಿ. ಅದಕ್ಕೆ ಮೊದಲು ಬಣ್ಣವನ್ನು ನೋಡಿ ಹೆಸರಿಟ್ಟವರನ್ನು ಠಕ್ಕರೆನ್ನಲಾಗದು. ಹಾಗೆಯೇ ಗುಜರಾತಿನ ಖಂಭಾತದ ಮಣಿಗಾರರು ಅಗೇಟ್ ಕಲ್ಲನ್ನು ಕಾಯಿಸಿ ಕೆಂಪೇರಿಸುವ ವಿದ್ಯೆಯು ಹರಪ್ಪಾ ಕಾಲದಷ್ಟು ಹಳೆಯದು. ಅದು ಕೈಯ ಕಾಯಕ, ಕಪಟವಲ್ಲ. ತಿಳಿದೂ ತಿಳಿದೂ ಹತ್ತು ರೂಪಾಯಿಯ ಕಲ್ಲಿಗೆ ನೂರರ ಹೆಸರಿಡುವುದು ಮಾತ್ರ ಬೇರೆಯ ಮಾತು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ಆ ಅಕ್ಕಿ ಕದ್ದುದಲ್ಲ. ಆದರೂ ಅಂದಿನ ಅಗತ್ಯವನ್ನು ಮೀರಿದ್ದಿತು. ಹೀಗಿರಲು, ಹೆಸರಿನ ಬಲದಿಂದ ಗಿಟ್ಟಿದ ತೊಂಬತ್ತು ರೂಪಾಯಿಗಳನ್ನು ಯಾವ ಕಾಯಕದ ಫಲವೆನ್ನಬೇಕು? ಸಗಟು ವ್ಯಾಪಾರಿಯು ಹೇಳಿದ್ದನ್ನೇ ನಂಬಿ ಹೇಳುವ ಬೀದಿಯ ಮಾರಾಟಗಾರನಲ್ಲಿ ಅಷ್ಟು ದೋಷವಿಲ್ಲ. ತಿಳಿದ ದಿನದಿಂದ ಆತನಿಗೂ ಹೊಣೆಯುಂಟು.

ಕೊಳ್ಳುವ ಗೃಹಸ್ಥರು ಮೊದಲು ಮಣಿಯ ರಂಧ್ರವನ್ನು ನೋಡಬೇಕು. ಬಣ್ಣ ಕುಡಿಸಿದ ಮಣಿಗಳಲ್ಲಿ ರಂಧ್ರದ ಅಂಚಿನಲ್ಲಿಯೂ ಬಿರುಕುಗಳಲ್ಲಿಯೂ ಬಣ್ಣವು ಮಡುಗಟ್ಟಿರುತ್ತದೆ. ಕೆಲವೊಮ್ಮೆ ಒಳಭಾಗ ಬೆಳ್ಳಗೇ ಉಳಿದಿರುತ್ತದೆ. ಭೂತಗನ್ನಡಿಯಲ್ಲಿ ದುಂಡನೆಯ ಗುಳ್ಳೆಗಳೂ ಸುಳಿಗಳೂ ಕಂಡರೆ ಅದು ಗಾಜೆಂದು ತಿಳಿಯಬಹುದು. ಸ್ಫಟಿಕವು ಕೈಗೆ ಗಾಜಿಗಿಂತ ತಣ್ಣಗಿರುವುದು, ಗಾಜನ್ನು ಗೀಚಬಲ್ಲುದು. ದೊಡ್ಡ ಸ್ಫಟಿಕಮಣಿಯನ್ನು ಒಂದು ಕೂದಲಿನ ಮೇಲಿಟ್ಟು ಹೊರಳಿಸುತ್ತ ನೋಡಿದರೆ ಕೆಲವು ನೆಲೆಗಳಲ್ಲಿ ಕೂದಲು ಎರಡಾಗಿ ಕಾಣುವುದು, ಗಾಜಿನಲ್ಲಿ ಹಾಗಾಗದು. ಪ್ರಯೋಗಾಲಯದಲ್ಲಿ ಬೆಳೆಸಿದ ಸ್ಫಟಿಕವನ್ನು ಮಾತ್ರ ಈ ಉಪಾಯಗಳಿಂದ ಗುರುತಿಸಲಾಗದು. ಅದಕ್ಕೆ ರತ್ನಪರೀಕ್ಷಾಲಯವೇ ಬೇಕು. ಕಾಯಿಸಿದ ಸೂಜಿಯಿಂದ ಚುಚ್ಚುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಅದರಿಂದ ಒಳ್ಳೆಯ ಮಣಿಯೂ ಕೆಡುವುದರಿಂದ ಬೇಡ.

ಮುತ್ತಜ್ಜಿಯ ಕಾಲದ ಸ್ಫಟಿಕಮಾಲೆಯು ಗಾಜೆಂದು ತಿಳಿದುಬಂದ ಮನೆಗಳಲ್ಲಿ ದುಃಖವಾಗುವುದು ಸಹಜ. ಗಾಜಿನ ಮೇಲೆ ಎಣಿಸಿದ ಷಡಕ್ಷರಿಯು ಗಾಜಾಗಲಿಲ್ಲ, ಅದನ್ನು ಎಸೆಯಬೇಕಾಗಿಲ್ಲ. ಹೊಸದನ್ನು ಕೊಳ್ಳುವಾಗ ರಸೀತಿಯಲ್ಲಿ ಕಲ್ಲಿನ ನಿಜವಾದ ಹೆಸರು, ಬಣ್ಣ ಕಟ್ಟಿದ್ದರೆ ಆ ಮಾತು, ಕಾಯಿಸಿದ್ದರೆ ಅದೂ, ಇಷ್ಟನ್ನು ಬರೆಯಿಸಿಕೊಳ್ಳಬೇಕು. ಬಾಯಲ್ಲಿ ‘ಜೇಡ್’ ಎಂದವರಲ್ಲಿ ಅನೇಕರು ಬರೆಯುವಾಗ ‘ಹಸಿರು ಮಣಿ, ಒಂದು ಸರ’ ಎಂದಷ್ಟೇ ಬರೆಯುತ್ತಾರೆ.